ಕಡಲಿಗೊಂದು ಹಿಂಬರಹ

ಜೂನ್ 1ರಿಂದ ಜುಲೈ 31. ಒಟ್ಟು 61 ದಿನ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಈ ಆದೇಶ ವರ್ಷ ತಪ್ಪದೆ ಹೊರಡುತ್ತದೆ. ಮಳೆಗಾಲಕ್ಕೆ ಮುಂಚೆಯೇ ಹೊರಡುತ್ತದೆ. ಅಂದರೆ ಕಡಲು ಯಾವಾಗ ಕೆರಳುತ್ತದೆ ಎಂಬುದು ಸರ್ಕಾರಕ್ಕೆ ತಾರೀಖಿನ ಸಮೇತ ಗೊತ್ತು.

ದೋಣಿ ತಡೆಯುವ ಇಲಾಖೆಗೆ ಗೊತ್ತಿರುವುದು ಕಡಲು ತಡೆಯುವ ಇಲಾಖೆಗೆ ಮಾತ್ರ ಗೊತ್ತಿಲ್ಲ. ಅದಕ್ಕೆ ಪ್ರತಿ ಜೂನ್‌ನಲ್ಲೂ ಹೊಸ ಆಘಾತ. 'ಈ ಬಾರಿ ಅಲೆಗಳ ಅಬ್ಬರ ಹೆಚ್ಚು' ಎಂದು ಪ್ರತಿ ಬಾರಿಯೂ ಹೇಳಿಕೆ.

ಉಳ್ಳಾಲಕ್ಕೆ ಹೋಗಿ ಕೇಳಿ. ಮೊಗವೀರಪಟ್ನ, ಕೋಟೆಪುರ, ಮುಕ್ಕಚ್ಚೇರಿ, ಸುಭಾಷ್‌ನಗರ. ಅಲ್ಲಿಂದ ತೆಂಕಕ್ಕೆ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. ಅಲ್ಲಿನ ಮೊಗವೀರರಿಗೂ ಬ್ಯಾರಿಗಳಿಗೂ ಕಡಲಿನ ಬಗ್ಗೆ ಆಶ್ಚರ್ಯವೇನೂ ಇಲ್ಲ. 2017ರಲ್ಲಿ ಒಖಿ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತು. 2023ರಲ್ಲಿ ಬಿಪರ್ಜಾಯ್. ಚಂಡಮಾರುತಕ್ಕೆ ಪ್ರತಿ ಸಲ ಹೊಸ ಹೆಸರಿಡುತ್ತಾರೆ. ಕಡಲ್ಕೊರೆತದ ಪರಿಹಾರಕ್ಕೆ ಮಾತ್ರ ಒಂದೇ ಹೆಸರು: ಕಲ್ಲು.

ನಾನು ಕರಾವಳಿಯವನಲ್ಲ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಕಡೆಯವ. ನಮ್ಮಲ್ಲಿ ಅಲೆ ಏಳುವುದು ಗೋವಿನಜೋಳದ ಹೊಲದಲ್ಲಿ ಮಾತ್ರ. "ಅಲ್ರೀ ಯಜಮಾನ್ರ, ಸಮುದ್ರಕ್ಕೂ ನಮಗೂ ಏನ್ ಸಂಬಂಧ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸಂಬಂಧ ಇದೆ. ಸ್ವಲ್ಪ ತಡೆಯಿರಿ, ಅಲ್ಲಿಗೇ ಬರುತ್ತೇನೆ.

ಮೊದಲು ಕಾರಣ ನೋಡೋಣ. ಕಾರಣ ಯಾರಿಗೂ ಬೇಕಿಲ್ಲ, ಅದಕ್ಕೇ ನೋಡೋಣ.

ಕಡಲು ಉಳ್ಳಾಲದ ಮೇಲೆ ಸುಮ್ಮನೆ ಸಿಟ್ಟಾದದ್ದಲ್ಲ. ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಬಾಗಿಲಿನ ಎರಡೂ ಬದಿಗೆ 90ರ ದಶಕದಲ್ಲಿ ಕಲ್ಲಿನ ಅಲೆತಡೆಗೋಡೆ ಕಟ್ಟಿದರು. ಮಂಗಳೂರಿನ ಹಳೆ ಬಂದರಿಗೆ ಹೋಗಿಬರುವ ದೋಣಿಗಳಿಗೆ ಭದ್ರವಾದ ದಾರಿ ಬೇಕಿತ್ತು. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ತೀರದ ಮರಳು ಒಂದೆಡೆ ಕೂರುವಂಥದ್ದಲ್ಲ. ಋತುವಿಗೆ ತಕ್ಕಂತೆ ತೆಂಕಕ್ಕೂ ಬಡಗಕ್ಕೂ ಸರಿದಾಡುತ್ತಿರುತ್ತದೆ. ಮಳೆಗಾಲದಲ್ಲಿ ಕಡಲು ಒಯ್ದದ್ದನ್ನು ಬೇಸಿಗೆಯಲ್ಲಿ ತಾನೇ ತಂದು ಹಾಕುತ್ತದೆ. ನಡುವೆ ಗೋಡೆ ನಿಂತರೆ ಲೆಕ್ಕ ತಪ್ಪುತ್ತದೆ. ಬಡಗಿನ ಬೆಂಗ್ರೆಯ ಕಡೆ ಮರಳು ಕೂಡಿತು. ತೆಂಕಿನ ಉಳ್ಳಾಲದ ಕಡೆ ಕರಗಿತು.

ಇದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕೈರಂಪಣಿ ಬಲೆ ಎಳೆಯುವವನಿಗೆ ಕಾಲಡಿಯ ಮರಳು ಎತ್ತ ಹೋಯಿತು ಎಂಬುದು ಗೊತ್ತಿರುತ್ತದೆ. ಆದರೆ ಅವನ ಹತ್ತಿರ ಲೆಟರ್‌ಹೆಡ್ ಇಲ್ಲ.

ಹೀಗೆ ಸರ್ಕಾರವೇ ಗೋಡೆ ಕಟ್ಟಿತು. ಆಮೇಲೆ ಗೋಡೆಯಿಂದಾದ ಹಾನಿ ಸರಿಪಡಿಸಲು ಸರ್ಕಾರವೇ ಸಾಲ ತಂದಿತು. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮಹಾರಾಷ್ಟ್ರ, ಕರ್ನಾಟಕಗಳ ಕರಾವಳಿ ರಕ್ಷಣೆಗೆಂದು ಯೋಜನೆ ಒಪ್ಪಿತು. ಉಳ್ಳಾಲದ ಪಾಲಿಗೆ ಇನ್ನೂರು ಕೋಟಿ ರೂಪಾಯಿ ಮೀರಿದ ಕೆಲಸ. ಕಡಲೊಳಗೆ ಕೃತಕ ದಿಬ್ಬಗಳು, ಅವಕ್ಕೆ ರೀಫ್ ಎಂದು ಹೆಸರು. ದಡದ ಹತ್ತಿರ ಬರ್ಮ್ ಎಂಬ ಕಲ್ಲಿನ ಕಟ್ಟೆಗಳು. ಜೊತೆಗೆ ಹಳೆಯ ಅಲೆತಡೆಗೋಡೆಯ ದುರಸ್ತಿ. ರೋಗ ತಂದವನಿಗೂ ಮದ್ದಿನ ಖರ್ಚಿನಲ್ಲಿ ಪಾಲು.

ಆ ಕೆಲಸ ನಡೆಯುತ್ತಿದ್ದಾಗಲೇ, 2017ರ ಜೂನ್‌ನಲ್ಲಿ, ಒಂದು ಪ್ರಸಂಗ ನಡೆಯಿತು. ಯಕ್ಷಗಾನದ ಹಾಸ್ಯಗಾರನೂ ಇದನ್ನು ಕಟ್ಟಿ ಹೇಳಲಾರ. ರೀಫ್ ಕಟ್ಟಲು ಬಂದ ಬಾರ್ಜ್ ಅಲೆಗೆ ಸಿಕ್ಕಿ ಅದೇ ರೀಫ್‌ಗೆ ಹೋಗಿ ಬಡಿಯಿತು. ಅಲೆಯನ್ನು ತಡೆಯಲು ಹಾಕಿದ ಕಲ್ಲು ಮೊದಲು ತಡೆದದ್ದು ತನ್ನನ್ನು ಹಾಕಲು ಬಂದವರನ್ನು. ಅದರಲ್ಲಿ ಸಿಲುಕಿದ್ದ 27 ಮಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಪುಣ್ಯ, ಜೀವ ಹೋಗಲಿಲ್ಲ. ಮಳೆಗಾಲದಲ್ಲಿ ದೋಣಿ ಇಳಿಸಬೇಡಿ ಎಂದು ಮೀನುಗಾರರಿಗೆ ಹೇಳುವ ಸರ್ಕಾರ ತನ್ನ ಗುತ್ತಿಗೆದಾರನಿಗೆ ಆ ಮಾತು ಹೇಳಲು ಮರೆತಿತ್ತು ಅಷ್ಟೆ.

ಉಳ್ಳಾಲಕ್ಕೆ ಬಂದೋಬಸ್ತು ಆದಮೇಲೆ ಕಡಲು ಏನು ಮಾಡಿತು? ತೆಂಕಕ್ಕೆ ಸರಿಯಿತು. ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗಳಲ್ಲಿ ತೆಂಗು ಉರುಳಿತು, ರಸ್ತೆ ಅರ್ಧಕ್ಕೆ ಹರಿಯಿತು, ಮನೆಯ ಗೋಡೆ ಬಾಯಿ ಬಿಟ್ಟಿತು. ಇನ್ನೂ ಸ್ವಲ್ಪ ತೆಂಕಕ್ಕೆ ಹೋದರೆ ತಲಪಾಡಿ ಗಡಿ, ಅದರಾಚೆ ಕೇರಳ. ಕಡಲನ್ನು ಅಲ್ಲಿಯವರೆಗೆ ದಾಟಿಸಿಬಿಟ್ಟರೆ ಸಮಸ್ಯೆ ನಮ್ಮ ವ್ಯಾಪ್ತಿಗೇ ಬರುವುದಿಲ್ಲ. ಬಹುಶಃ ಶಾಶ್ವತ ಪರಿಹಾರ ಎಂದರೆ ಇದೇ ಇರಬೇಕು.

ಈಗ ಆ ಸಂಬಂಧಕ್ಕೆ ಬರುತ್ತೇನೆ.

2022ರ ಜುಲೈನಲ್ಲಿ ಮುಖ್ಯಮಂತ್ರಿ ಬಂದು ಉಳ್ಳಾಲದ ಕಡಲ್ಕೊರೆತ ನೋಡಿದರು. ಯಾರು? ನಮ್ಮ ಪಕ್ಕದ ಶಿಗ್ಗಾವಿಯ ಆಗಿನ ಶಾಸಕ ಬಸವರಾಜ ಬೊಮ್ಮಾಯಿ. ಸ್ವತಃ ಎಂಜಿನಿಯರ್. ಹಿಂದೆ ಜಲಸಂಪನ್ಮೂಲ ಸಚಿವ. ಅದಕ್ಕೂ ಮಿಗಿಲಾಗಿ ಉಡುಪಿ ಜಿಲ್ಲೆಯ ಉಸ್ತುವಾರಿ ಹೊತ್ತವರು. ಕಡಲೂ ಗೊತ್ತು, ನೀರೂ ಗೊತ್ತು, ಯಂತ್ರವೂ ಗೊತ್ತು. ಇನ್ನೇನು ಬೇಕು? 'ಸೀ ವೇವ್ ಬ್ರೇಕರ್' ಎಂಬ ಹೊಸ ತಂತ್ರಜ್ಞಾನ ತರುತ್ತೇವೆ, ಮೊದಲು ಇಲ್ಲಿ ಒಂದು ಕಿಲೋಮೀಟರ್ ಪ್ರಾಯೋಗಿಕವಾಗಿ ಮಾಡುತ್ತೇವೆ ಎಂದರು. ಕಾಸರಗೋಡಿನ ಕಡೆ ಅದರ ಪ್ರಯೋಗ ನಡೆದಿತ್ತು.

ಹತ್ತು ತಿಂಗಳಲ್ಲಿ ಚುನಾವಣೆ ಬಂತು. ಸರ್ಕಾರ ಒಡೆಯಿತು. ಅಲೆ ಒಡೆಯಲಿಲ್ಲ.

ಹೊಸ ಸರ್ಕಾರ ಬಂತು. ಹೊಸ ಬಂದರು ಸಚಿವರು ಬಂದರು. ಅವರು ಭಟ್ಕಳದವರು, ಕರಾವಳಿಯವರೇ. ಉಳ್ಳಾಲದ ಶಾಸಕರು ವಿಧಾನಸಭಾಧ್ಯಕ್ಷರಾದರು. 2007ರ ಉಪಚುನಾವಣೆಯಿಂದ ಆ ಕ್ಷೇತ್ರ ಅವರದೇ. ಇಡೀ ಸದನವನ್ನು ಸುಮ್ಮನಿರಿಸುವ ಗಂಟೆ ಅವರ ಕೈಯಲ್ಲಿದೆ. ಕಡಲಿಗೆ ಆ ಗಂಟೆ ಕೇಳಿಸುವುದಿಲ್ಲ. ಇದರಲ್ಲಿ ಪಕ್ಷಭೇದ ಹುಡುಕಬೇಡಿ, ಸಿಗುವುದಿಲ್ಲ. ಕಮಲದವರು ಹಾಕಿದ ಕಲ್ಲೂ ಮುಳುಗಿತು, ಕೈಯವರು ಹಾಕಿದ ಕಲ್ಲೂ ಮುಳುಗಿತು. ಜಾತ್ಯತೀತವಾಗಿ ಮುಳುಗಿತು.

ಈ ಕಲ್ಲಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಳನಾಡಿನ ಕೋರೆಯಲ್ಲಿ ಗುಡ್ಡ ಒಡೆಯುತ್ತಾರೆ. ಬಂಡೆಯನ್ನು ಟಿಪ್ಪರ್‌ಗೆ ಹೇರುತ್ತಾರೆ. ಟಿಪ್ಪರ್ ಓಡಿ ಓಡಿ ಊರಿನ ರಸ್ತೆ ಕಿತ್ತುಹೋಗುತ್ತದೆ. ರಸ್ತೆ ಕಿತ್ತುಹೋಯಿತೆಂದು ಇನ್ನೊಂದು ಮನವಿ ಹೋಗುತ್ತದೆ. ಕಲ್ಲನ್ನು ತೀರದಲ್ಲಿ ಸುರಿಯುತ್ತಾರೆ. ಕೆಳಗೆ ಮರಳು, ಮೇಲೆ ಅಲೆ. ಬುಡದ ಮರಳು ಜಾರಿದಂತೆ ಕಲ್ಲು ಒಂದೊಂದಾಗಿ ಕೂರುತ್ತದೆ. ಮುಂದಿನ ಮಳೆಗಾಲಕ್ಕೆ ಗೋಡೆ ಮೊಣಕಾಲೆತ್ತರ. ಮತ್ತೆ ಅಂದಾಜು ಪಟ್ಟಿ, ಮತ್ತೆ ಟೆಂಡರ್, ಮತ್ತೆ ಕಲ್ಲು.

ರಸ್ತೆಯ ಕಾಮಗಾರಿಯಾದರೆ ಯಾರಾದರೂ ಅಗೆದು ನೋಡಬಹುದು. ಕಟ್ಟಡವಾದರೆ ಗೋಡೆ ತಟ್ಟಿ ನೋಡಬಹುದು. ಅಳತೆ ಪುಸ್ತಕದಲ್ಲಿ ಬರೆದ ಕಲ್ಲಿಗೂ ಕಡಲಲ್ಲಿ ಬಿದ್ದ ಕಲ್ಲಿಗೂ ತಾಳೆ ನೋಡಬೇಕಾದರೆ ಲೆಕ್ಕಪರಿಶೋಧಕನಿಗೆ ಈಜು ಬರಬೇಕು. ಇಂಥ ಅನುಕೂಲವಾದ ಕಾಮಗಾರಿ ಇಡೀ ಲೋಕೋಪಯೋಗಿ ಶಾಸ್ತ್ರದಲ್ಲಿ ಇನ್ನೊಂದಿಲ್ಲ. ಸಾಕ್ಷಿಯನ್ನು ಕಡಲೇ ನುಂಗುತ್ತದೆ.

ಅದಕ್ಕೇ ಕಲ್ಲು ಬೀಳುವುದು ಮಳೆ ಬಿದ್ದಮೇಲೆ. ಜನವರಿಯಲ್ಲಿ ಕಡಲು ಶಾಂತ, ತೀರ ಅಗಲ, ಕೆಲಸಕ್ಕೆ ಅನುಕೂಲ. ಆಗ ಕಡತ ಬೆಂಗಳೂರಿನಲ್ಲಿ ಇರುತ್ತದೆ. ಜೂನ್‌ನಲ್ಲಿ ಅಲೆ ಅಡುಗೆಮನೆಗೆ ಬಂದಾಗ 'ತುರ್ತು ಕಾಮಗಾರಿ' ಆರಂಭ. ತುರ್ತು ಎಂದಮೇಲೆ ಪ್ರಶ್ನೆ ಕೇಳುವವನೇ ಜನವಿರೋಧಿ.

ಇನ್ನು ಮನವಿ. ಈ ಊರುಗಳ ಜನ ಕೊಟ್ಟಿರುವ ಮನವಿಗಳನ್ನು ಒಟ್ಟು ಹಾಕಿ ಕಟ್ಟಿದ್ದರೆ ಅದೇ ಒಂದು ತಡೆಗೋಡೆ ಆಗುತ್ತಿತ್ತು. ಅವಕ್ಕೆ ಬರುವ ಉತ್ತರದ ಮಾದರಿ ಕನ್ನಡಿಗರಿಗೆಲ್ಲ ಬಾಯಿಪಾಠ. ಕಡಲಿಗೇ ಒಂದು ಬರೆಯಬೇಕಾಗಿ ಬಂದರೆ ನಮ್ಮ ಕಚೇರಿ ಹೀಗೆ ಬರೆದೀತು:

ವಿಷಯ: ತಾವು ಅನುಮತಿ ಪಡೆಯದೆ ವಾಸದ ಮನೆಗಳಿಗೆ ಪ್ರವೇಶಿಸಿರುವ ಕುರಿತು.

ಉಲ್ಲೇಖ: ಸ್ಥಳೀಯ ನಿವಾಸಿಗಳ ಮನವಿ, ಅದರ ಜ್ಞಾಪನ, ಜ್ಞಾಪನದ ಜ್ಞಾಪನ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಸದರಿ ತೀರವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ತೀರದ ಮೇಲಿನ ರಸ್ತೆಯು ಈ ಕಚೇರಿಯ ವ್ಯಾಪ್ತಿಗೆ ಬರುತ್ತಿತ್ತು. ಆದರೆ ಸದರಿ ರಸ್ತೆಯು ಈಗ ತಮ್ಮೊಳಗೆ ಇರುವುದರಿಂದ ಅದೂ ಬರುವುದಿಲ್ಲ. ಅನುದಾನ ಲಭ್ಯವಾದ ನಂತರ ಆದ್ಯತೆಯ ಮೇರೆಗೆ ಪರಿಶೀಲಿಸಲಾಗುವುದು. ಅಲ್ಲಿಯವರೆಗೆ ತಾವು ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು.

ನಕಲು ಬೇಡವೇ? ಬಂದರು ಇಲಾಖೆಗೆ, ಕಂದಾಯ ಇಲಾಖೆಗೆ, ಲೋಕೋಪಯೋಗಿಗೆ, ಮೀನುಗಾರಿಕೆಗೆ, ಅರಣ್ಯಕ್ಕೆ, ಕರಾವಳಿ ನಿಯಂತ್ರಣ ವಲಯ (ಸಿಆರ್‌ಝೆಡ್) ಪ್ರಾಧಿಕಾರಕ್ಕೆ. ಉಳ್ಳಾಲಕ್ಕೆ ನಗರಸಭೆ ಇದೆ. ಸೋಮೇಶ್ವರಕ್ಕೆ ಪುರಸಭೆ. ಕೋಟೆಕಾರಿಗೆ ಪಟ್ಟಣ ಪಂಚಾಯಿತಿ. ತಲಪಾಡಿಗೆ ಗ್ರಾಮ ಪಂಚಾಯಿತಿ. ಕೆಲವೇ ಕಿಲೋಮೀಟರ್ ಒಳಗೆ ಸ್ಥಳೀಯ ಸರ್ಕಾರದ ನಾಲ್ಕು ತಳಿಗಳು. ಮನೆ ಕಂದಾಯ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅಲೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇವುಗಳ ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇರಬೇಕು. ಕಟ್ಟಡಗಳಿವೆ. ಬೋರ್ಡ್ ಇದೆ. ಸದಸ್ಯರಿಲ್ಲ. 2021ರಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ಸರ್ಕಾರಗಳು ಬದಲಾದವು, ಚುನಾವಣೆ ಮಾತ್ರ ಮುಂದಕ್ಕೆ ಹೋಯಿತು. ಕ್ಷೇತ್ರ ವಿಂಗಡಣೆ ಆಗಬೇಕಂತೆ, ಮೀಸಲಾತಿ ಪಟ್ಟಿ ಆಗಬೇಕಂತೆ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ರಾಜ್ಯ ಇದು. 1983ರ ಕಾಯ್ದೆ ಮಾಡಿ, 1987ರಲ್ಲಿ ಚುನಾವಣೆ ನಡೆಸಿ, ಇಡೀ ದೇಶಕ್ಕೆ ಪಂಚಾಯಿತಿ ಪಾಠ ಹೇಳಿಕೊಟ್ಟ ರಾಜ್ಯ. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಮೇಷ್ಟ್ರು ಈಗ ಶಾಲೆಗೇ ಬರುತ್ತಿಲ್ಲ.

ಆದ್ದರಿಂದ ಉಚ್ಚಿಲದವನು ಜಿಲ್ಲಾ ಪಂಚಾಯಿತಿಗೆ ಮನವಿ ಕೊಟ್ಟರೆ ಅದನ್ನು ಓದುವ ಅಧಿಕಾರಿಗೆ ಉಚ್ಚಿಲದ ಒಂದು ಮತವೂ ಬೇಕಿಲ್ಲ. ಹತ್ತಿಮತ್ತೂರಿನವನದೂ ಇದೇ ಗತಿ. 2019ರ ಆಗಸ್ಟ್‌ನಲ್ಲಿ ವರದಾ ನದಿ ಏರಿ ನಮ್ಮ ಜಿಲ್ಲೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ನಾವೂ ಇದೇ ಕಾಗದ ಬರೆದೆವು. ಇದೇ ಹಿಂಬರಹ ಪಡೆದೆವು. ಉಪ್ಪುನೀರು ಸಿಹಿನೀರು ಎಂಬ ಭೇದ ಕಚೇರಿಗೆ ಇಲ್ಲ.

ಹೋಗಲಿ, ಮನೆ ಬಿದ್ದಮೇಲಾದರೂ? ಇಲ್ಲೊಂದು ಸೊಗಸು ಇದೆ. ಕೇಂದ್ರದ ವಿಪತ್ತು ಪಟ್ಟಿಯಲ್ಲಿ 12 ಬಾಬತ್ತುಗಳಿವೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದ ಹಾವಳಿ, ಹಿಮ ಮತ್ತು ಶೀತಗಾಳಿ. ಮಿಡತೆ ತಿಂದರೆ ವಿಪತ್ತು. ಕಡಲು ತಿಂದರೆ ಅಲ್ಲ. ಕಡಲ್ಕೊರೆತ ಆ ಪಟ್ಟಿಯಲ್ಲಿ ಇಲ್ಲ.

ಏಕೆ ಎಂದರೆ ಅದು ನಿಧಾನವಾಗಿ ಆಗುತ್ತದಂತೆ. ಸರ್ಕಾರಕ್ಕೆ ನಿಧಾನವಾಗಿ ಆಗುವುದರ ಮೇಲೆ ಇಷ್ಟು ತಿರಸ್ಕಾರ ಇರಬಾರದಿತ್ತು.

ಹಾಗಾಗಿ ಮನೆ ಕಳೆದುಕೊಂಡವನು ಕೆಳಗೆ ಹರಿದ ನೀರನ್ನು ಪ್ರವಾಹವೆಂದೋ ಮೇಲೆ ಬೀಸಿದ ಗಾಳಿಯನ್ನು ಚಂಡಮಾರುತವೆಂದೋ ಸಾಬೀತು ಮಾಡಬೇಕು. ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರದ ದರ ₹1.20 ಲಕ್ಷ. ಅದಕ್ಕೆ ಜಾಗದ ಪಹಣಿ ಬೇಕು. ಪಹಣಿ ಇದೆ, ಜಾಗ ಇಲ್ಲ. ತಹಶೀಲ್ದಾರರು ಸ್ಥಳ ಪರಿಶೀಲನೆಗೆ ಬಂದು ನಿಲ್ಲಬೇಕಾದ ಸ್ಥಳದಲ್ಲಿ ಬಂಗುಡೆ ಓಡಾಡುತ್ತಿರುತ್ತದೆ.

15ನೇ ಹಣಕಾಸು ಆಯೋಗಕ್ಕೆ ಈ ವಿಷಯ ಹೊಳೆದಿತ್ತು ಎನ್ನಬೇಕು. 2021ರಿಂದ 2026ರ ಅವಧಿಗೆ ಇಡೀ ದೇಶದ ನದಿಕೊರೆತ, ಕಡಲ್ಕೊರೆತ ತಡೆಗೆ ₹1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ ₹1,000 ಕೋಟಿ ಇಡಿ ಎಂದಿತು. ಅಸ್ಸಾಮಿನ ಬ್ರಹ್ಮಪುತ್ರದಿಂದ ಉಳ್ಳಾಲದವರೆಗೆ ಎಲ್ಲರಿಗೂ ಸೇರಿ. ದೇಶದ ಕಡಲತೀರದಲ್ಲಿ ಮೂರನೇ ಒಂದು ಪಾಲು, ಅಂದರೆ ಶೇ 33.6, ಕೊರೆಯುತ್ತಿದೆ ಎಂದು ಕೇಂದ್ರದ್ದೇ ಸಂಸ್ಥೆ 1990ರಿಂದ 2018ರವರೆಗಿನ ತೀರ ಅಳೆದು ಹೇಳಿದೆ. ಅಳೆಯುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಮೊನ್ನೆ ಮೊನ್ನೆ ಹೊಸದಾಗಿ ಅಳೆದು ಕರ್ನಾಟಕದ ತೀರ 280 ಕಿಲೋಮೀಟರ್ ಅಲ್ಲ, 343 ಎಂದರು. ತೀರ ಕರಗುತ್ತಿದೆ, ಉದ್ದ ಬೆಳೆಯುತ್ತಿದೆ. ಇದಕ್ಕೇ ಪ್ರಗತಿ ಎನ್ನುತ್ತಾರೆ.

ಕಡಲಿಗೆ ಕಾನೂನು ಇಲ್ಲವೆಂದಲ್ಲ. 1991ರಲ್ಲಿ ಸಿಆರ್‌ಝೆಡ್ ಬಂತು, 2011ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನೆಲಕ್ಕೆ ನಿಯಮ. ಮೀನುಗಾರ ಸೋರುವ ಮನೆಗೆ ಒಂದು ಕೋಣೆ ಸೇರಿಸಲು ಹೊರಟರೆ ಗೆರೆಯ ನೆನಪಾಗುತ್ತದೆ. ಅವನ ಅಜ್ಜ ಮನೆ ಕಟ್ಟಿದಾಗ ಗೆರೆ ದೂರವಿತ್ತು. ಮನೆ ಕಡಲಿನ ಕಡೆಗೆ ನಡೆಯಲಿಲ್ಲ, ಗೆರೆ ಮನೆಯ ಕಡೆಗೆ ನಡೆದುಬಂತು. ಆದರೂ ನಿಯಮ ಮೀರಿದವನು ಅವನೇ. ಅದೇ ತೀರದಲ್ಲಿ ಬಂದರಿಗೆ, ರೆಸಾರ್ಟಿಗೆ ಗೆರೆ ಎಷ್ಟು ವಿನಯದಿಂದ ಬಾಗುತ್ತದೆ ಎಂಬುದನ್ನು ನೋಡಿಯೇ ಕಲಿಯಬೇಕು.

ಹೊನ್ನಾವರದ ಕಾಸರಕೋಡನ್ನೇ ನೋಡಿ. 2020ರಲ್ಲಿ ಅಲ್ಲಿನ ಬೀಚಿಗೆ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಬಂತು. ಶುದ್ಧ ತೀರ ಎಂದು ನೀಲಿ ಬಾವುಟ. ಪಕ್ಕದ ಟೊಂಕದಲ್ಲಿ ಖಾಸಗಿ ಬಂದರು. ಕಡಲಾಮೆ ಮೊಟ್ಟೆ ಇಡುವ ಮರಳು ಅದು, ಒಣಮೀನು ಹರಡುವ ಅಂಗಳ ಅದು ಎಂದು ಮೀನುಗಾರರು ರಸ್ತೆಗೆ ಇಳಿದರೆ ಪೊಲೀಸರು ಬರುತ್ತಾರೆ. ಬಾವುಟ ಪ್ರವಾಸಿಗೆ, ಬಂದರು ಕಂಪನಿಗೆ, ಲಾಠಿ ಊರವರಿಗೆ. ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಾಗಿಲ್ಲ.

ಸರ್ಕಾರ ಕಡಲಿಗೆ ಓಡಿಬರುವುದೇ ಇಲ್ಲ ಎನ್ನಬೇಡಿ. 2022ರ ಜೂನ್‌ನಲ್ಲಿ 'ಪ್ರಿನ್ಸೆಸ್ ಮಿರಾಲ್' ಎಂಬ ಹಡಗು ಇದೇ ಉಳ್ಳಾಲದ ಬಟ್ಟಪ್ಪಾಡಿಯ ಎದುರು ನೀರು ತುಂಬಿಕೊಂಡು ಕೂತಿತು. ಒಳಗೆ ಎಂಟು ಸಾವಿರ ಟನ್ ಉಕ್ಕಿನ ಸುರುಳಿ. ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಕಾಪಾಡಿತು, ಒಳ್ಳೆಯ ಕೆಲಸ. ತೈಲ ಸೋರೀತೆಂದು ಸಭೆಗಳಾದವು, ಅಧಿಕಾರಿಗಳು ತೀರಕ್ಕೆ ಬಂದರು, ದುರ್ಬೀನು ಹಿಡಿದರು. ಬಂದವರು ದುರ್ಬೀನು ಇಳಿಸಿ ಬರಿಗಣ್ಣಿನಲ್ಲಿ ಕಾಲ ಬುಡ ನೋಡಿದ್ದರೆ ಮುಳುಗುತ್ತಿದ್ದ ಮನೆಗಳೂ ಕಾಣುತ್ತಿದ್ದವು. ಅವಕ್ಕೆ ವಿಮೆ ಇರಲಿಲ್ಲ, ವಿದೇಶಿ ಧ್ವಜವೂ ಇರಲಿಲ್ಲ.

ಇನ್ನು ರಾಣಿ ಅಬ್ಬಕ್ಕ. ಪೋರ್ಚುಗೀಸರನ್ನು ಇದೇ ತೀರದಲ್ಲಿ ತಡೆದವಳು. ಅವಳ ಹೆಸರಲ್ಲಿ ಉತ್ಸವ ಇದೆ, ಪ್ರತಿಮೆ ಇದೆ, 2012ರಿಂದ ಕೋಸ್ಟ್ ಗಾರ್ಡಿನ ಒಂದು ಹಡಗೂ ಇದೆ. ವೇದಿಕೆಯ ಮೇಲೆ ಅವಳ ಧೈರ್ಯ ಹೊಗಳಿ ಶಾಲು ಹೊದ್ದು ಹೋಗುತ್ತಾರೆ. ಅವಳು ಪೋರ್ಚುಗೀಸರ ವಿರುದ್ಧ ಅಂದಾಜು ಪಟ್ಟಿ ಸಲ್ಲಿಸಿ ಆಡಳಿತಾತ್ಮಕ ಮಂಜೂರಾತಿಗೆ ಕಾಯಲಿಲ್ಲ ಎಂಬುದನ್ನು ಮಾತ್ರ ಯಾವ ಭಾಷಣವೂ ಹೇಳುವುದಿಲ್ಲ.

ಸಾವು ಸಂಭವಿಸಿದರೂ ವೇಗ ಬರುವುದಿಲ್ಲ. 2024ರ ಜುಲೈ 16. ಅಂಕೋಲಾದ ಶಿರೂರು. ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡಲು ಗುಡ್ಡದ ಬುಡ ಕಡಿದು ಗೋಡೆಯಂತೆ ನಿಲ್ಲಿಸಿದ್ದರು. ಗುಡ್ಡ ಇಳಿಯಿತು. ರಸ್ತೆಬದಿಯ ಚಹಾದಂಗಡಿಯ ಕುಟುಂಬವನ್ನೇ ಒಯ್ದಿತು. ಗಂಗಾವಳಿ ನದಿಯೊಳಕ್ಕೆ ಬಿದ್ದ ಮಣ್ಣಿನ ರಭಸಕ್ಕೆ ನೀರೆದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಆ ಕುಸಿತದಲ್ಲಿ ಕಣ್ಮರೆಯಾಗಿದ್ದ ಕೇರಳದ ಲಾರಿ ಚಾಲಕನ ದೇಹ ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ದಾಟಿ. ಆ ನಡುವೆಯೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಚಾಲಕನನ್ನು ಮೇಲೆತ್ತಿದವರಲ್ಲಿ ಮೀನುಗಾರರೂ ಇದ್ದರು. ಅದೇ ಮೀನುಗಾರರು, ಮನವಿ ಕೊಟ್ಟರೆ 'ವ್ಯಾಪ್ತಿಗೆ ಬರುವುದಿಲ್ಲ' ಎಂದು ಕಳಿಸುತ್ತೀರಲ್ಲ, ಅವರೇ. ಅವರು ವ್ಯಾಪ್ತಿ ಕೇಳಲಿಲ್ಲ.

ಟೋಲ್ ಮಾತ್ರ ಎಲ್ಲರ ವ್ಯಾಪ್ತಿಗೂ ಬರುತ್ತದೆ. ಸುರತ್ಕಲ್‌ನಲ್ಲಿ 'ತಾತ್ಕಾಲಿಕ' ಎಂದು ಹಾಕಿದ ಟೋಲ್‌ಗೇಟ್ ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ಉಳಿಯಿತು. ಪಕ್ಕದ ಹೆಜಮಾಡಿಯಲ್ಲಿ ಇನ್ನೊಂದು. ಮನವಿಗಳು ಹೋದವು, ಭರವಸೆಗಳು ಬಂದವು, ಗೇಟು ಏಳಲಿಲ್ಲ. 2022ರ ಅಕ್ಟೋಬರ್ 28ರಿಂದ ಜನ ಹಗಲು ರಾತ್ರಿ ಅಲ್ಲೇ ಧರಣಿ ಕೂತರು. ಡಿಸೆಂಬರ್ 1ಕ್ಕೆ ಸುಲಿಗೆ ನಿಂತಿತು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಕೂತವರಿಗೆ ಒಂದು ತಿಂಗಳು ಸಾಕಾಯಿತು. ಸರ್ಕಾರವೇ ಜನರಿಗೆ ಕಲಿಸುತ್ತಿರುವ ಪಾಠ ಇದು. ಆಮೇಲೆ ರಸ್ತೆ ತಡೆದರೆ ಶಾಂತಿಭಂಗ ಎನ್ನುವವರೂ ಇವರೇ.

ಇಷ್ಟು ಹೊತ್ತು ಮಂಗಳೂರು, ಬೆಂಗಳೂರು, ದೆಹಲಿಯವರನ್ನು ಬೈದೆ. ಚಪ್ಪಾಳೆ ತಟ್ಟುತ್ತಿದ್ದ ನಮ್ಮ ಹಾವೇರಿಯವರು ಈಗ ಕೈ ಕೆಳಗಿಳಿಸಬೇಕು.

ಶಿರೂರಿನಲ್ಲಿ ಗುಡ್ಡ ಬಿದ್ದ ಆ ಗಂಗಾವಳಿ ಎಲ್ಲಿಂದ ಬರುತ್ತದೆ? ಹುಬ್ಬಳ್ಳಿ, ಧಾರವಾಡದ ಸೀಮೆಯಿಂದ. ಮೇಲೆ ಅದರ ಹೆಸರು ಬೇಡ್ತಿ. ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯಾಗಿ ಕಡಲು ಸೇರುತ್ತದೆ. ಅದನ್ನು ತಿರುಗಿಸಿ ನಮ್ಮ ವರದಾ ನದಿಗೆ ಜೋಡಿಸಬೇಕೆಂದು ನಮ್ಮ ಜಿಲ್ಲೆಯಲ್ಲಿ ಎಲ್ಲ ಪಕ್ಷದವರಿಗೂ ಒಂದೇ ಹಟ. ಅಂದು ಉಳ್ಳಾಲದ ತೀರದಲ್ಲಿ ನಿಂತು ಅಲೆ ಒಡೆಯುವ ಯಂತ್ರದ ಮಾತಾಡಿದ ಬೊಮ್ಮಾಯಿಯವರು 2024ರಿಂದ ನಮ್ಮ ಸಂಸದರು. ಅವರೂ ಈ ಜೋಡಣೆಯ ಪರ. ವಾದ ಒಂದೇ: ಬೇಡ್ತಿಯ ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ.

ನಮ್ಮ ಹೊಲಕ್ಕೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಸಿಗೆಯಲ್ಲಿ ವರದೆಯ ಪಾತ್ರ ನೋಡಿದವನಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ನದಿ ಕಡಲಿಗೆ ನೀರನ್ನಷ್ಟೇ ಒಯ್ಯುವುದಿಲ್ಲ. ಮರಳು ಒಯ್ಯುತ್ತದೆ. ಕಡಲತೀರ ಆಗಿರುವುದು ನದಿ ತಂದುಕೊಟ್ಟ ಆ ಮರಳಿನಿಂದ. ಮೇಲೆ ಅಣೆಕಟ್ಟು ಕಟ್ಟಿ ಮರಳು ತಡೆದು, ನಡುವೆ ಜೆಸಿಬಿ ಇಳಿಸಿ ಉಳಿದದ್ದನ್ನು ಬಗೆದು, ಕೆಳಗೆ ಅಳಿವೆಯಲ್ಲಿ ಗೋಡೆ ಕಟ್ಟಿ ಬಂದಷ್ಟನ್ನೂ ಅಡ್ಡಹಾಕಿ, ಆಮೇಲೆ ತೀರದಲ್ಲಿ ನಿಂತು ಕಡಲು ಏಕೆ ಕೊರೆಯುತ್ತಿದೆ ಎಂದು ಕೇಳುವುದು ನಮಗೆ ಮಾತ್ರ ಸಾಧ್ಯ. ನದಿಯ ಮರಳು ಲಾರಿಯಲ್ಲಿ ಮೇಲಕ್ಕೆ ಹೋಗುತ್ತದೆ, ಗುಡ್ಡದ ಕಲ್ಲು ಲಾರಿಯಲ್ಲಿ ಕೆಳಕ್ಕೆ ಬರುತ್ತದೆ. ಎರಡೂ ಬಾಡಿಗೆ ಸಿಗುವುದು ಲಾರಿಗೆ.

ಅಂದಮೇಲೆ ಕಟ್ಟೆಯ ಮೇಲಿನವರ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ಹತ್ತಿಮತ್ತೂರಿಗೆ ಸಮುದ್ರ ಇಲ್ಲ, ಸಮುದ್ರದ ವಿಷಯದಲ್ಲಿ ಪಾಲು ಇದೆ.

ಇನ್ನು ಕೇಳುವುದು ಇಷ್ಟೆ. ಉಳ್ಳಾಲದ ಜನ ಚಂದ್ರಲೋಕ ಕೇಳುತ್ತಿಲ್ಲ. ಕಡಲ್ಕೊರೆತವನ್ನು ವಿಪತ್ತಿನ ಪಟ್ಟಿಗೆ ಸೇರಿಸಿ, ಹನ್ನೆರಡು ಇದ್ದಲ್ಲಿ ಹದಿಮೂರಾದರೆ ದೆಹಲಿಯ ಕಾಗದ ಹರಿಯುವುದಿಲ್ಲ. ಕಲ್ಲು ಹಾಕುವುದೇ ಆದರೆ ಜನವರಿಯಲ್ಲಿ ಹಾಕಿ, ಕಳೆದ ಹತ್ತು ವರ್ಷದಲ್ಲಿ ಎಲ್ಲಿ ಎಷ್ಟು ಲೋಡು ಹಾಕಿದಿರಿ ಎಂಬ ಲೆಕ್ಕವನ್ನು ಆಯಾ ಊರಿನ ಪಂಚಾಯಿತಿಯ ಗೋಡೆಗೆ ಅಂಟಿಸಿ. ಬೆಂಗ್ರೆಯ ಕಡೆ ಕೂಡಿದ ಮರಳನ್ನು ಉಳ್ಳಾಲದ ಕಡೆ ದಾಟಿಸುವ ಉಪಾಯ ಲೋಕದ ಬೇರೆ ಬಂದರುಗಳಲ್ಲಿ ಚಾಲ್ತಿಯಲ್ಲಿದೆ. ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲಿ 2001ರಿಂದ ಪಂಪು ಹಚ್ಚಿ ಅದನ್ನೇ ಮಾಡುತ್ತಿದ್ದಾರೆ. ಅಧ್ಯಯನ ಪ್ರವಾಸಕ್ಕೆ ನಮ್ಮವರಿಗೆ ಆ ದೇಶ ಇಷ್ಟವೇ ಅಲ್ಲವೇ? ಒಮ್ಮೆ ಅಲ್ಲಿಗೂ ಹೋಗಿ ಬನ್ನಿ. ಸ್ಥಳಾಂತರವಾಗಲು ಸಿದ್ಧರಿರುವವರಿಗೆ ದೋಣಿ ನಿಲ್ಲಿಸಲು ಹತ್ತಿರವಾಗುವಲ್ಲಿ ನಿವೇಶನ ಕೊಡಿ, ಗುಡ್ಡದ ಮೇಲಲ್ಲ.

ಎಲ್ಲಕ್ಕಿಂತ ಮೊದಲು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ನಡೆಸಿ. ಬೈಯಲಾದರೂ ಜನರಿಗೆ ಒಬ್ಬ ಸದಸ್ಯ ಬೇಕು.

ಹಾವೇರಿಯ ಓದುಗರಿಗೊಂದು ಮಾತು. ಬರುವ ಚುನಾವಣೆಯಲ್ಲಿ ಯಾವನಾದರೂ ವೇದಿಕೆ ಹತ್ತಿ ನದಿನೀರು ಸಮುದ್ರಕ್ಕೆ ಪೋಲಾಗುತ್ತಿದೆ ಎಂದರೆ ಸೀಟಿ ಹೊಡೆಯಬೇಡಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: 2022ರಲ್ಲಿ ಉಳ್ಳಾಲಕ್ಕೆ ಹೇಳಿದ ಆ ಒಂದು ಕಿಲೋಮೀಟರ್ ಏನಾಯಿತು?